ಓಬಳೇಶಪ್ಪನ ಕಾಲಿನ ಬೊಬ್ಬೆ

ನಮ್ಮೂರಿನವರಿಗೆ ನ್ಯಾಯ ಹೇಳುವ ಚಟ. ಎಪ್ಪತ್ತೆಂಟನೇ ಇಸವಿಯಲ್ಲಿ ಅವರ ಕೈಗೆ ಸಿಕ್ಕಿಬಿದ್ದವನು ನನ್ನ ಪಕ್ಕದ ಮನೆಯ, ಕುರಿ ಸಾಕುವ ಓಬಳೇಶಪ್ಪ.

ದೇವರ ಕೆಂಡ ಹಾಯುವಾಗ ಯಾರ ಕಾಲಿಗೆ ಬೊಬ್ಬೆ ಏಳುತ್ತದೋ ಅವರು ಏನೋ ತಪ್ಪು ಮಾಡಿದ್ದಾರೆ ಎಂಬುದು ಊರಿನ ನಂಬಿಕೆ. ಆ ವರ್ಷ ಹಾಯ್ದವರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಬೊಬ್ಬೆ ಎದ್ದದ್ದು ಓಬಳೇಶಪ್ಪನಿಗೆ. ಅವನೋ, ಕೆಂಡದ ಹತ್ತಿರವೂ ಸುಳಿಯದೆ ಸುಸ್ತೆಂದು ಮನೆಯಲ್ಲಿ ಮಲಗಿದ್ದ. ಬೆಳಿಗ್ಗೆ ನೋಡಿದರೆ ಎರಡೂ ಪಾದದ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ, ನೀರು ತುಂಬಿದ ಬೊಬ್ಬೆ. ನೋವಿಲ್ಲ, ಉರಿಯಿಲ್ಲ.

“ಇವನ ತಪ್ಪು ಎಷ್ಟು ದೊಡ್ಡದಿರಬೇಕು ನೋಡ್ರಿ, ಕೆಂಡ ಮನಿ ತನಕ ಹುಡುಕ್ಕೊಂಡು ಹೋಗೇತಿ,” ಎಂದರು ಪೂಜಾರಿ ಅಜ್ಜಯ್ಯ. ಎಲ್ಲರೂ ತಲೆಯಾಡಿಸಿದರು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಹೆಂಡತಿ ತಿಪ್ಪೇರುದ್ರಮ್ಮ ಬಾಗಿಲಿಗೆ ಅಡ್ಡ ನಿಂತಳು. “ಏನು ಮಾಡೀರಿ ಅಂತ ಕಟ್ಟಿ ಮ್ಯಾಲೆ ಒಪ್ಕೊಂಡು ಬರ್ರಿ. ಅಲ್ಲಿ ತನಕ ಒಳಗ ಕಾಲಿಡಬ್ಯಾಡ್ರಿ.”

ಹೆಂಡತಿಯನ್ನು ಬಿಟ್ಟಿರಲಾರದ ಮನುಷ್ಯ ಅವನು. ಊರವರು ಸೇರಿದ್ದ ಕಟ್ಟೆಗೆ ಬಂದು, ಯಾರದೋ ಹೊಲದ ಶೇಂಗಾ ಕಿತ್ತು ತಿಂದಿದ್ದೆ ಎಂದ.

“ಶೇಂಗಾಕ್ಕ ಇಷ್ಟು ದೊಡ್ಡ ಬೊಬ್ಬಿ ಬರಂಗಿಲ್ಲ,” ಎಂದರು ಅಜ್ಜಯ್ಯ.

ಕುರಿ ಕದ್ದೆ ಎಂದ. ಊರಲ್ಲಿ ಯಾರ ಕುರಿಯೂ ಕಳೆದಿರಲಿಲ್ಲ. ಅವ್ವನನ್ನು ಬೈದಿದ್ದೆ ಎಂದ. ಅಜ್ಜಯ್ಯ ಬಗ್ಗಿ ಬೊಬ್ಬೆಯನ್ನು ಬೆರಳಿನಿಂದ ಅಳೆದರು. “ಒಂದು ಕಾಲಿಂದು ಅದಕ್ಕ ಸರಿಹೋಗತೈತಿ. ಇನ್ನೊಂದು ಕಾಲಿಂದು?”

ಸಂಜೆಯಾಗುತ್ತ ಬಂತು. ಅವನಿಗೆ ಹಸಿವು, ಬಾಯಾರಿಕೆ, ಜೊತೆಗೆ ಗಳಿಗೆಗೊಮ್ಮೆ ಮೂತ್ರಕ್ಕೆ ಎದ್ದು ಹೋಗುವ ಕಷ್ಟ. ಕೊನೆಗೆ, “ಹೊಸಹಳ್ಳ್ಯಾಗ ಒಬ್ಬಾಕಿನ್ನ ಇಟ್ಕೊಂಡೀನ್ರಿ,” ಎಂದುಬಿಟ್ಟ. ಸಭೆಗೆ ಸಮಾಧಾನವಾಯಿತು. ಬೊಬ್ಬೆಗೂ ತಪ್ಪಿಗೂ ಅಳತೆ ಹೊಂದಿತೆಂದು ಎಲ್ಲರೂ ಊಟಕ್ಕೆ ಹೋದರು. ತಿಪ್ಪೇರುದ್ರಮ್ಮ ಗಂಟು ಕಟ್ಟಿಕೊಂಡು ಚಿಗಟೇರಿಗೆ, ತವರಿಗೆ ಹೊರಟುಹೋದಳು.

ಅವನ ಅಳು ನೋಡಲಾರದೆ ನಾನೇ ಹರಪನಹಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಎಂದರು. ಈ ಕಾಯಿಲೆಯವರಿಗೆ ಅಪರೂಪಕ್ಕೆ ಹೀಗೆ ಸುಟ್ಟಂಥ ಬೊಬ್ಬೆ ತಾವಾಗಿಯೇ ಏಳುತ್ತವಂತೆ, ತಾವಾಗಿಯೇ ಒಣಗುತ್ತವಂತೆ. ಒಡೆಯಬೇಡ ಎಂದು ಹೇಳಿ ಮಾತ್ರೆ ಕೊಟ್ಟರು.

ಕಾಯಿಲೆ ಬಂದಿದೆ ಎಂದು ಅಷ್ಟು ಖುಷಿಪಟ್ಟವನನ್ನು ನಾನು ಬೇರೆ ಕಂಡಿಲ್ಲ. ಅಲ್ಲಿಂದ ನೇರ ನನ್ನನ್ನೂ ಚಿಗಟೇರಿಯ ಬಸ್ಸು ಹತ್ತಿಸಿದ. ಡಾಕ್ಟರು ಹೇಳಿದ್ದನ್ನೆಲ್ಲ ತಿಪ್ಪೇರುದ್ರಮ್ಮನಿಗೆ ಬಿಡಿಸಿ ಹೇಳಿದೆ. ಅವಳು ಗಂಡನ ಪಾದ ಮುಟ್ಟಿ ನೋಡಿ ಗೊಳೋ ಎಂದು ಅತ್ತಳು. ಕುಡಿಯಲು ನೀರು ತಂದುಕೊಟ್ಟಳು.

“ಬೊಬ್ಬಿ ಸಕ್ಕರಿ ಬ್ಯಾನಿಯಿಂದ ಎದ್ದಾವ. ನಂಬಿದೆ,” ಎಂದು ಕಣ್ಣೊರೆಸಿಕೊಂಡಳು. “ಈಗ ಆ ಹೊಸಹಳ್ಳಿಯಾಕಿ ಯಾರು ಹೇಳ್ರಿ.”