ಜೇನುಗಳಿಗೊಂದು ಬೇರೆ ಕೋಣೆ

ಬೆಳಿಗ್ಗೆ ಬಾವಿಕಟ್ಟೆಯ ಬದಿಯಲ್ಲಿ ಇವರ ನಿನ್ನೆಯ ಯೂನಿಫಾರ್ಮನ್ನು ತಿಕ್ಕುತ್ತಿದ್ದೆ. ಅದಕ್ಕೊಂದು ಬೇರೆಯೇ ನೀಲಿ ಬಕೆಟ್ಟು, ಬೇರೆ ಬ್ರಷ್ಷು. ಒಳಗಿನಿಂದ ಮಗಳು ಪ್ರೇಕ್ಷಾ ಕರೆದಳು.

“ಆಯೀ, ಬೇಗ ಬಾ. ನನ್ನ ಜೇನು ಹೊರಗೆ ಬಂದ್‌ಬಿಟ್ಟದೆ.”

ಹೆದರಿ ನೊರೆಗೈಯಲ್ಲೇ ಓಡಿದೆ. ಜೇನು ಇದ್ದದ್ದು ಮೊಬೈಲಿನೊಳಗೆ. ನೆಲದಡಿಯಲ್ಲಿ ಪುಟ್ಟ ಜನರಿಗೆ ಊರು ಕಟ್ಟಿಕೊಡುವ ಆಟ ಅದು. ಜೇನಿನಂಥ ಹಸಿರು ಹುಳಗಳು ಅದಿರನ್ನು ಗೂಡಿಗೆ ಹೊತ್ತೊಯ್ದು, ಊರಿಗೆಲ್ಲ ಬೇಕಾದ ಇಂಧನ ಮಾಡಿ ಕೊಡುತ್ತವೆ. ಆದರೆ ಅವುಗಳ ಮೈತುಂಬ ವಿಕಿರಣ. ಹತ್ತಿರ ಹೋದವರು ಕಾಯಿಲೆ ಬೀಳುತ್ತಾರಂತೆ. ಅದಕ್ಕೇ ಊರಿನ ತುದಿಯಲ್ಲಿ ಹುಳಗಳಿಗೆ ಒಂದು ಕೋಣೆ ಕಟ್ಟಿದ್ದಳು. ಕೋಣೆಗೂ ಊರಿಗೂ ನಡುವೆ ಒಂದು ಬಚ್ಚಲು. ಅಲ್ಲಿ ಮೀಯದೆ ಯಾರೂ ಒಳಗೆ ಬರುವಂತಿಲ್ಲ.

ಹುಳವನ್ನು ಮತ್ತೆ ಕೋಣೆಗೆ ಸೇರಿಸಿ ಬಾಗಿಲು ಹಾಕಿದಳು. ಮಗಳು ಜಾಣೆ ಎನ್ನಿಸಿತು. ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದೆ.

“ಯಾರೂ ಇಲ್ಲ. ನೀನು ಅಪ್ಪಂಗೆ ಮಾಡ್ತಿ ಅಲ್ಲಾ, ಹಂಗೇ ಮಾಡ್ದೆ.”

ನೊರೆ ನನ್ನ ಕೈಯಲ್ಲೇ ಒಣಗಿತು.

ಇವರು ಘಟ್ಟದ ಬುಡದ ಅಣುವಿದ್ಯುತ್ ಸ್ಥಾವರದಲ್ಲಿ ಕ್ಯಾಂಟೀನಿನ ಅಡುಗೆಯವರು. ಮೊದಲು ಅಂಕೋಲೆಯ ಹೋಟೆಲ್ಲಿನಲ್ಲಿದ್ದಾಗಲೂ ಇದೇ ಇಡ್ಲಿ, ಇದೇ ಸಾಂಬಾರು. ಯಂತ್ರಗಳ ಹತ್ತಿರ ಹೋಗುವುದೇ ಇಲ್ಲವೆಂದು ಸೇರಿದ ವಾರವೇ ಬಿಡಿಸಿ ಹೇಳಿದ್ದರು. “ನನ್ನ ಮೈಗೆ ತಾಗೂದು ಒಗ್ಗರಣೆ ಹೊಗೆ ಒಂದೇ, ಮಾರಾಯ್ತಿ,” ಎಂದು ನಕ್ಕಿದ್ದರು. ನಾನು ನಗಲಿಲ್ಲ. ಅಲ್ಲಿ ದುಡಿಯುವವರ ಮೈಗೆ, ಬಟ್ಟೆಗೆ ಅಂಟಿಕೊಂಡೇ ವಿಕಿರಣ ಮನೆಯೊಳಗೆ ಬರುತ್ತದೆ ಎಂದು ಪಕ್ಕದ ಮನೆಯ ಜಾನಕಿ ಮೀನುಪೇಟೆಯಲ್ಲಿ ಕಿವಿಯ ಹತ್ತಿರ ಹೇಳಿದ್ದೇ ನನಗೆ ಹೆಚ್ಚಾಯಿತು. ಇರುವುದೊಂದು ಮಗು ಎಂದುಕೊಂಡೆ.

ನಮ್ಮಲ್ಲಿ ಮಸಣಕ್ಕೆ ಹೋಗಿ ಬಂದವರು ಬಾವಿಕಟ್ಟೆಯಲ್ಲೇ ಮಿಂದು, ಉಟ್ಟ ಬಟ್ಟೆಯನ್ನು ಹೊರಗೇ ಬಿಟ್ಟು ಒಳಗೆ ಬರಬೇಕು. ಅಲ್ಲಿಯವರೆಗೆ ಯಾರೂ ಅವರನ್ನು ಮುಟ್ಟುವುದಿಲ್ಲ. ದುಡಿದು ಬಂದ ಗಂಡನಿಗೆ ನಾನು ದಿನವೂ ಅದನ್ನೇ ಮಾಡಿಸುತ್ತಿದ್ದೆ. ಅತ್ತೆ ಒಮ್ಮೆ ಕಂಡು, “ನನ್ನ ಮಗ ಯಾರನ್ನ ಸುಟ್ಟು ಬಂದ ಅಂತ ಮಾಡೀಯೆ?” ಎಂದು ಕೇಳಿದ್ದರು. ಎಣ್ಣೆಯ ಜಿಡ್ಡು ಮನೆಯೆಲ್ಲ ಆಗುತ್ತದೆ ಎಂದು ನೆಪ ಹೇಳಿದ್ದೆ. ಇವರು ಮಾತ್ರ ಏನನ್ನೂ ಕೇಳಲಿಲ್ಲ. ಹೆಗಲ ಚೀಲವನ್ನು ಅಂಗಳದ ಪಾಗಾರದ ಗೋಡೆಯ ಮೇಲೆ ಇಟ್ಟು ಬರುವುದನ್ನು ತಾವಾಗಿಯೇ ರೂಢಿ ಮಾಡಿಕೊಂಡರು.

ಅಷ್ಟರಲ್ಲಿ ಹೆದ್ದಾರಿಯಲ್ಲಿ ಬಸ್ಸು ನಿಂತು ಮುಂದೆ ಹೋದ ಸದ್ದಾಯಿತು. ರಾತ್ರಿಪಾಳಿ ಮುಗಿಸಿ ಬಂದ ಇವರ ಕೈಯಲ್ಲಿ ಮಗಳಿಗೆಂದು ಕಟ್ಟಿಸಿಕೊಂಡ ಬನ್ಸಿನ ಪೊಟ್ಟಣವಿತ್ತು. ಪ್ರೇಕ್ಷಾ ಮೊಬೈಲು ಬಿಸಾಕಿ ಓಡಿದಳು. ಮೆಟ್ಟಿಲ ಅಂಚಿಗೆ ಬಂದವಳು ತಟ್ಟನೆ ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹಾಗೆ ನಿಲ್ಲು ಎಂದು ನಾನು ಅವಳಿಗೆ ಯಾವತ್ತೂ ಹೇಳಿದ್ದಿಲ್ಲ.

ಇವರೂ ದೂರದಲ್ಲೇ ನಿಂತರು. ಅವಳನ್ನು ನೋಡಿ ನಕ್ಕು, ಪೊಟ್ಟಣವನ್ನು ಪಾಗಾರದ ಮೇಲಿಟ್ಟು ಬಾವಿಕಟ್ಟೆಗೆ ನಡೆದರು. ಈಗ ಮೀಯುವುದು ಬೇಡ, ಒಳಗೆ ಬನ್ನಿ ಎನ್ನಬೇಕೆಂದು ಬಾಯಿಯವರೆಗೆ ಬಂತು. ಹಾಗೆಂದರೆ ಇಷ್ಟು ದಿನ ಮೀಯಿಸಿದ್ದು ಯಾಕೆ ಎಂಬುದನ್ನೂ ಹೇಳಬೇಕಿತ್ತು. ಬಿರಬಿರನೆ ಬಾವಿಯ ಬದಿಗೆ ಹೋಗಿ ನೀಲಿ ಬಕೆಟ್ಟನ್ನು ಕಾಲಿನಿಂದ ಸರಿಸಿ, ಅದು ಕಾಣದಂತೆ ಸೆರಗು ಹರಡಿ ನಿಂತೆ. ಇವರು ಅದನ್ನೂ ಕಂಡರು. ಕಂಡು ಬೇರೆ ಕಡೆ ನೋಡಿದರು.

ಒಂದು ಕೊಡ ನೀರು ತಲೆಯ ಮೇಲೆ ಸುರಿದುಕೊಂಡರು. ಇನ್ನೊಂದಕ್ಕೆ ಹಗ್ಗ ಬಿಡಲು ಬಗ್ಗಿದಾಗ ನೀರಿನ ಸದ್ದು ನಿಂತಿತು. ಪ್ರೇಕ್ಷಾ ಬಂದು ನನ್ನ ಸೆರಗು ಜಗ್ಗಿದಳು. ಮೆಲ್ಲಗೆ ಕೇಳಬಹುದಿತ್ತು; ಅವಳಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

“ಆಯೀ, ಅಪ್ಪನ್ನ ಮುಟ್ಟಿದ್ರೆ ನಂಗೆ ಎಂತಾ ಆಗ್ತದೆ?”