ಅಡಿಕೆ ಚಪ್ಪರದ ಮೇಲೆ ಬೆಳ್ಳುಳ್ಳಿ

ಮೊದಲು ಒಂದು ಮಾತು. ಹೋದ ಸಲ ನಾನು ಕಥೆ ಹೇಳಿದ ಮೇಲೆ "ಅಜ್ಜನಿಗೆ ಅರಳುಮರುಳು, ಇಲ್ಲದ್ದು ಸೇರಿಸಿ ಹೇಳ್ತಾನೆ" ಅಂತ ಫೋನಿನ ಗುಂಪಿನಲ್ಲಿ ಹಾಕಿದವರು ಯಾರು ಅಂತ ನನಗೆ ಗೊತ್ತು. ಹೆಸರು ಹೇಳುವುದಿಲ್ಲ, ಅವನ ಹೆಂಡತಿ ಒಳ್ಳೆಯವಳು. ಕನ್ನಡಕ ಎಲ್ಲಿಟ್ಟೆ ಎಂಬುದನ್ನು ನಾನು ದಿನಾ ಮರೆಯುತ್ತೇನೆ, ನಿಜ. ಆದರೆ ಹೋದ ವರ್ಷ ದಸರಾ ಕಳೆದ ಮೇಲೆ ಬಸವಾಪಟ್ಟಣದ ದ್ಯಾಮಮ್ಮನ ಕಣದಲ್ಲಿ ಏನಾಯಿತು ಎಂಬುದನ್ನು ಮರೆಯಲು ನನಗೆ ತಲೆ ಕೆಟ್ಟಿಲ್ಲ. ಆ ಕಣದ ಎದುರು ನಿಂತ ಬಸ್ಸಿನಲ್ಲಿ ನಾನೂ ಇದ್ದೆ. ಅನುಮಾನ ಇದ್ದವರು ಫೋನು ಮಗುಚಿಟ್ಟು ಎದ್ದು ಹೋಗಿ. ಉಳಿದವರು ಕೇಳಿ.

ಜಗಳೂರು ಕಡೆಯ ಕಾಟಮ್ಮ. ಅವಳ ಅತ್ತೆ ತಿಪ್ಪಮ್ಮ ಸಾಯುವಾಗ ಸೊಸೆಗೆ ಬಿಟ್ಟುಹೋದದ್ದು ಒಂದು ಬೆಳ್ಳುಳ್ಳಿ ತಳಿ. ಗಡ್ಡೆ ಸಣ್ಣದು, ಸಿಪ್ಪೆ ನಸುಗೆಂಪು. ಒಂದು ಎಸಳು ಒಗ್ಗರಣೆಗೆ ಬಿದ್ದರೆ ಬೀದಿಯ ತುದಿಯವರಿಗೂ ಇವತ್ತು ಕಾಟಮ್ಮನ ಮನೆಯಲ್ಲಿ ಸಾರು ಅಂತ ತಿಳಿಯುವಂಥ ಘಾಟು. ಕಾಟಮ್ಮ ಅದನ್ನು ಗೊಂಚಲು ಕಟ್ಟಿ ಅಡುಗೆಮನೆಯ ಜಂತಿಗೆ ನೇತುಹಾಕಿ, ಒಲೆಯ ಹೊಗೆಯಲ್ಲಿ ಕಾಯ್ದು, ಬಿತ್ತನೆಗೆ ಬೇಕೆಂದವರಿಗೆ ಕೊಡುತ್ತಿದ್ದಳು. ಶ್ರಾವಣದಲ್ಲಿ ಫೋನು ಬರುತ್ತಿತ್ತು, ದಸರಾ ಆದ ಮೇಲೆ ಮಾಲು ಹೋಗುತ್ತಿತ್ತು. ಅಲ್ಲಿ ಒಂದು ಚೀಲ, ಇಲ್ಲಿ ಅರ್ಧ ಚೀಲ, ಅಷ್ಟೇ ವ್ಯಾಪಾರ.

ಹೋದ ವರ್ಷ ಮಾತ್ರ ಹೊನ್ನಾಳಿಯ ಪುಷ್ಪಾವತಿ ಎಂಬ ಹೆಣ್ಣುಮಗಳು ಆ ಬೆಳ್ಳುಳ್ಳಿಯ ರುಚಿ ನೋಡಿ, ತನ್ನ ಓಣಿಗೆಲ್ಲ ಹೇಳಿ, ನ್ಯಾಮತಿಯಲ್ಲಿರುವ ತವರಿನವರಿಗೂ ಹೇಳಿ, ದೊಡ್ಡ ಬೇಡಿಕೆ ತಂದಳು. ಬೀಜಕ್ಕೆ ನೆಡುವ ಈರುಳ್ಳಿ ಗಡ್ಡೆಯೂ ಬೇಕು ಎಂದಳು. ಕಾಟಮ್ಮ ಯಾರಿಗೂ ಇಲ್ಲ ಅನ್ನಲಿಲ್ಲ. ಜಂತಿ ಬರಿದಾಯಿತು. ಮನೆಗೆ ಅಂತ ಉಳಿದದ್ದು ಒಂದು ಮೊರದ ತುಂಬ.

"ಎಲ್ಲಾ ಕೊಟ್ಟುಬಿಟ್ರೆ ಹೆಂಗೆ? ದಾರಿಯಾಗೆ ಏನಾರ ಆದ್ರೆ?" ಎಂದು ಗಂಡ ಭೀಮೇಶ್ ಕೇಳಿದ.

"ನಿನ್ ಬಾಯಿಗೆ ಬೆಳ್ಳುಳ್ಳಿ ಹಾಕ," ಎಂದಳು ಕಾಟಮ್ಮ. "ಏನೂ ಆಗಂಗಿಲ್ಲ. ನಾನೇ ಬಸ್ಸಿನಾಗೆ ಕೂತು ಹೋಗ್ತೀನಿ."

ಹಾಗೆ ದಾವಣಗೆರೆಗೆ ಬಂದು, ಕತ್ತಲಗೆರೆ, ಬಸವಾಪಟ್ಟಣದ ಮೇಲೆ ಸುತ್ತಿ ಹೊನ್ನಾಳಿಗೆ ಹೋಗುವ ಖಾಸಗಿ ಬಸ್ಸಿನ ನೆತ್ತಿಗೆ ಜಾಲರಿ ಚೀಲಗಳನ್ನು ಏರಿಸಿದಳು. ಕಂಡಕ್ಟರ್ ಕೊಟ್ರೇಶ್. ಒಳ್ಳೆಯ ಮನುಷ್ಯ, ಬಾಯಿ ಸ್ವಲ್ಪ ಜಾಸ್ತಿ.

"ಜ್ವಾಪಾನ ಕಣಪ್ಪಾ," ಎಂದಳು ಕಾಟಮ್ಮ. "ಬಿತ್ತೋ ಮಾಲು. ಜೀವ ಐತೆ ಅದ್ರಾಗೆ."

"ಅಕ್ಕಾ, ನೀನು ಯಾರಿಗೆ ಹೇಳಾಕೆ ಹತ್ತೀಯ? ಈ ಬಸ್ಸಿನ ಮ್ಯಾಲೆ ನಾನು ಸಾಗಿಸಿದ ಸಸಿ ನೆಟ್ಟಿದ್ರೆ ಚನ್ನಗಿರಿ ತುಂಬ ತೋಟ ಆಗ್ತಿತ್ತು. ಒಂದು ಎಲೆ ಬಾಡಿದ್ರೆ ಕೇಳು!"

ಅವನು ಹೇಳಿದ್ದು ಸುಳ್ಳಲ್ಲ. ಆ ದಾರಿಯಲ್ಲಿ ಬಸ್ಸಿನ ಮೇಲೆ ಹೋಗುವುದು ಅಡಿಕೆ ಸಸಿ, ವೀಳ್ಯದೆಲೆ ಪೆಂಡಿ. ಎರಡಕ್ಕೂ ನಿಂತಲ್ಲೆಲ್ಲ ನೀರು ಚಿಮುಕಿಸಬೇಕು. ಬಿಸಿಲಿಗೆ ಒಂದು ಪೆಂಡಿ ಸುಟ್ಟರೂ ಬೈಗುಳ ತಿನ್ನುವುದು ಕಂಡಕ್ಟರ್ ಆದ್ದರಿಂದ, ಆ ಕೆಲಸ ಅವನ ಕೈಗೆ ಹತ್ತಿಹೋಗಿತ್ತು.

ಕತ್ತಲಗೆರೆಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಕಾಟಮ್ಮ ಕಿಟಕಿಗೆ ತಲೆ ಕೊಟ್ಟು ತೂಕಡಿಸುತ್ತಿದ್ದಳು. ಬಸ್ಸು ಮತ್ತೆ ಹೊರಟು, ಬಸವಾಪಟ್ಟಣ ಇನ್ನೇನು ಬಂತು ಅನ್ನುವಾಗ ತೋಳಿನ ಮೇಲೆ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ಹೊರಗೆ ನೋಡಿದರೆ ಮೋಡವೇ ಇಲ್ಲ, ಕಣ್ಣು ಕುಕ್ಕುವ ಬಿಸಿಲು. ತೋಳನ್ನು ಮೂಗಿನ ಹತ್ತಿರ ತಂದಳು. ಬೆಳ್ಳುಳ್ಳಿ ವಾಸನೆ.

ಅವಳು ಕೂಗಿದ ಕೂಗಿಗೆ ಡ್ರೈವರ್ ರಂಗಣ್ಣ ಬ್ರೇಕು ತುಳಿದ. ನನ್ನ ಹಣೆ ಮುಂದಿನ ಕಂಬಿಗೆ ಬಡಿಯಿತು, ಗುರುತು ಈಗಲೂ ಇದೆ, ಬಂದವರಿಗೆ ತೋರಿಸುತ್ತೇನೆ.

"ಯಾರೋ ನೀರು ಹಾಕಿದೋನು?"

"ನಾನೇ ಅಕ್ಕಾ," ಎಂದ ಕೊಟ್ರೇಶ್, ಹೊಗಳಿಸಿಕೊಳ್ಳಲು ಸಿದ್ಧನಾದವನಂತೆ. "ಕೊಡಗಟ್ಲೆ ಸುರಿದೀನಿ. ತಳದ ಚೀಲಕ್ಕೂ ಇಳಿದೈತೆ."

"ನಿನ್ ಮನಿ ತಣ್ಣಗಿರ್ಲಿ! ಬೆಳ್ಳುಳ್ಳಿಗೆ ಯಾರಾರ ನೀರು ಹಾಕ್ತಾರೇನೋ?"

"ಜೀವ ಐತೆ ಅಂದ್ಯಲ್ಲಕ್ಕಾ!"

"ನಿನಗೂ ಜೀವ ಐತೆ. ನಿನ್ನ ಹೊಳಿಯಾಗೆ ಅದ್ದಿ ಚೀಲದಾಗೆ ಕಟ್ಟಿಡ್ಲೇನು?"

ಬಸ್ಸು ನಕ್ಕಿತು. ಕಾಟಮ್ಮ ನಗಲಿಲ್ಲ. ಏಣಿ ಹತ್ತಿ ಒಂದು ಚೀಲದೊಳಗೆ ಕೈಯಿಟ್ಟಳು. ಗಡ್ಡೆಯ ಎಸಳಿನ ಸಂದಿಗೆಲ್ಲ ನೀರು ಇಳಿದಿತ್ತು. ಇನ್ನು ಇದು ಚೀಲದಲ್ಲೇ ಕಾವು ಹಿಡಿಯುತ್ತದೆ, ಬೇರು ಒಡೆಯುತ್ತದೆ, ಕೊಳೆಯುತ್ತದೆ. ಕೊಟ್ಟ ಮಾತು ಹೋಗುತ್ತದೆ. ಮಾತಿಗಿಂತ ದೊಡ್ಡದು, ಅತ್ತೆಯ ತಳಿ ಹೋಗುತ್ತದೆ. ಮನೆಯಲ್ಲಿರುವುದು ಒಂದು ಮೊರ. ಅವಳು ಬಸ್ಸಿನ ನೆತ್ತಿಯ ಮೇಲೆಯೇ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು.

ಬಸ್ಸು ನಿಂತದ್ದು ಒಂದು ಅಡಿಕೆ ಕಣದ ಎದುರು. ಕೊಯ್ಲಿನ ಕಾಲ. ಬೇಯಿಸಿದ ಅಡಿಕೆಯನ್ನು ಸೀಳಿದ ಅಡಿಕೆ ಮರದ ದಬ್ಬೆಗಳನ್ನು ಸಂದು ಬಿಟ್ಟು ಹಾಸಿದ ಎತ್ತರದ ಚಪ್ಪರಗಳ ಮೇಲೆ ಕೆಂಪಗೆ ಹರವಿದ್ದರು. ಕೋಳಿ ಕಾಯುತ್ತ ಕೋಲು ಹಿಡಿದು ಕೂತಿದ್ದ ದ್ಯಾಮಮ್ಮ, ಆ ಕಣದ ಯಜಮಾನಿ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಏ ತಾಯಿ, ಅಲ್ಲಿ ಕೂತು ಅತ್ರೆ ಇನ್ನಾ ನೆನೀತೈತೆ, ಕೆಳಗಿಳಿ," ಎಂದಳು. "ಅದು ಉಳೀಬೇಕಂದ್ರೆ ಏನು ಬೇಕು, ಅದು ಹೇಳು."

"ಗಾಳಿ ಬೇಕವ್ವಾ. ಈಗಲೇ ಹರವಬೇಕು. ನೆಲದ ಮ್ಯಾಲೆ ಆಗಂಗಿಲ್ಲ, ಅಡಿಯಿಂದಲೂ ಗಾಳಿ ಆಡ್ಬೇಕು."

ದ್ಯಾಮಮ್ಮ ತನ್ನ ಚಪ್ಪರಗಳ ಕಡೆ ನೋಡಿದಳು. ಆಮೇಲೆ ಸೊಸೆಯನ್ನು ಕೂಗಿದಳು. "ಸುನೀತಾ! ಅಡಿಕೆ ಬಳಿದು ಗುಡ್ಡೆ ಹಾಕು."

"ಅತ್ತೆ! ನಿನ್ನೆ ಬೇಯ್ಸಿದ್ದು. ಈಗ ಗುಡ್ಡೆ ಹಾಕಿದ್ರೆ ಬೂಷ್ಟು ಹಿಡೀತೈತೆ."

"ಹಿಡೀಲಿ. ನಮ್ ಮರ ಎಲ್ಲಿಗೂ ಓಡಿಹೋಗಂಗಿಲ್ಲ, ಮತ್ತೆ ಕಾಯಿ ಬಿಡ್ತಾವೆ. ಈಯಮ್ಮನ ಬೀಜ ಹೋದ್ರೆ ಎಲ್ಲಿಂದ ತರ್ತಾಳೆ? ಬಳಿ ಅಂದೆ."

ಯಾವ ಊರಿನವಳೋ, ಮುಖ ಕಂಡವಳಲ್ಲ. ಅವಳ ಬೆಳ್ಳುಳ್ಳಿಗಾಗಿ ದ್ಯಾಮಮ್ಮ ತನ್ನ ಅಡಿಕೆ ಎತ್ತಿಸಿದಳು. ಸುಲಿಯಲು ಕೂತಿದ್ದ ಹೆಂಗಸರು ಕತ್ತಿ ಬಿಟ್ಟು ಎದ್ದರು. ಪ್ರಯಾಣಿಕರು ಇಳಿದು ಸಾಲಾಗಿ ನಿಂತು ಚೀಲ ಇಳಿಸಿದರು. ರಂಗಣ್ಣ ಮೊದಲು ಹಾರ್ನ್ ಒತ್ತಿ ನೋಡಿದ, ಯಾರೂ ತಿರುಗದಿದ್ದಾಗ ತಾನೂ ಇಳಿದು ಬಂದ. ಕೊಟ್ರೇಶ್ ಖಾಕಿ ಅಂಗಿ ಬಿಚ್ಚಿ, ಅದರಿಂದಲೇ ಒಂದೊಂದು ಗಡ್ಡೆ ಒರೆಸತೊಡಗಿದ. ತಲೆ ಎತ್ತಲೇ ಇಲ್ಲ.

"ಅಲ್ಲಜ್ಜೀ," ಎಂದ ರಂಗಣ್ಣ, "ನಿಮ್ ಚಪ್ಪರಕ್ಕೆಲ್ಲ ಈ ಘಾಟು ಹತ್ತಿದ್ರೆ? ಈ ಅಡಿಕೆ ಜಗಿದ ಗಂಡಸು ಹೆಂಡ್ತಿ ಹತ್ರ ಹೆಂಗೆ ಹೋಗ್ಬೇಕು?"

"ಹೋಗದಿದ್ರೆ ಅವಳು ನಿದ್ದಿ ಮಾಡ್ತಾಳೆ ಬಿಡೋ," ಎಂದಳು ದ್ಯಾಮಮ್ಮ. ಆಗ ಕಾಟಮ್ಮನೂ ನಕ್ಕಳು, ಕಣ್ಣು ಒರೆಸಿಕೊಳ್ಳುತ್ತಲೇ.

ಬಸ್ಸು ಹೋಯಿತು, ಕಾಟಮ್ಮ ಉಳಿದಳು; ಮುಂದಿನದು ನಾನು ಅವಳ ಬಾಯಿಂದಲೇ ಕೇಳಿದ್ದು. ಇನ್ನೊಂದು ಕಷ್ಟ ಬಾಕಿ ಇತ್ತು. ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಪುಷ್ಪಾವತಿ ಜನ ಕಟ್ಟಿಕೊಂಡು ಕಾಯುತ್ತಿದ್ದಳು. ಗಾಡಿ ಕೆಟ್ಟಿದೆ ಅಂತ ಹೇಳಿ, ಮೇಲಿನ ಸಿಪ್ಪೆ ಒಣಗಿದ ಮೇಲೆ ಸುಮ್ಮನೆ ಕೊಟ್ಟುಬಿಡಬಹುದಿತ್ತು. ಕಾಟಮ್ಮ ಹಾಗೆ ಮಾಡಲಿಲ್ಲ. ಫೋನು ಹಚ್ಚಿ ಇದ್ದದ್ದು ಇದ್ದಂತೆ ಹೇಳಿದಳು.

"ಮಾಲು ನೆಂದೈತ್ರೀ. ಒಣಗ್ಸಾಕೆ ಹತ್ತೀನಿ. ಎಷ್ಟು ಉಳೀತೈತೋ ಗೊತ್ತಿಲ್ಲ. ಬ್ಯಾಡ ಅಂದ್ರೆ ಬ್ಯಾಡ ಅನ್ರಿ, ನನಗೇನು ಬ್ಯಾಸರ ಇಲ್ಲ."

ಆ ಕಡೆ ಪುಷ್ಪಾವತಿ ಸುತ್ತಲಿದ್ದವರಿಗೆ ವಿಷಯ ಹೇಳಿದಳು. ಕಾಟಮ್ಮನಿಗೆ ಬಸ್‌ಸ್ಟ್ಯಾಂಡಿನ ಗದ್ದಲವೇ ಕೇಳಿಸುತ್ತಿತ್ತು. ಕೊನೆಗೆ, "ಊಟ ಮಾಡಿದ್ರೋ ಇಲ್ಲೋ?" ಎಂದಳು ಪುಷ್ಪಾವತಿ. "ಅಲ್ಲೇ ಇರ್ರಿ. ನಾವೇ ಬರ್ತೀವಿ."

ಮಾರನೆಯ ದಿನ ಒಂದು ಗೂಡ್ಸ್ ಗಾಡಿಯಲ್ಲಿ ಹೊನ್ನಾಳಿಯವರೂ ನ್ಯಾಮತಿಯವರೂ ಬಂದಿಳಿದರು. ಚಪ್ಪರದ ಸುತ್ತ ನಿಂತು ಗಡ್ಡೆಗಳನ್ನು ಒತ್ತಿ, ಮೂಸಿ, ಆರಿಸಿದರು. ನಡುಚೀಲದ ಒಂದಿಷ್ಟು ಮೆತ್ತಗಾಗಿದ್ದವು, ಅವು ತಿಪ್ಪೆಗೆ ಹೋದವು. ಉಳಿದದ್ದು ಗಟ್ಟಿ. ಜೊತೆಗೇ ಹರವಿದ್ದ ಈರುಳ್ಳಿಗೆ ಏನೂ ಆಗಿರಲಿಲ್ಲ. ಯಾರೂ ಬೇಡ ಅನ್ನಲಿಲ್ಲ.

ಹೊರಡುವಾಗ ಕಾಟಮ್ಮ ದ್ಯಾಮಮ್ಮನ ಕಾಲು ಮುಟ್ಟಲು ಬಗ್ಗಿದಳು. ಮುದುಕಿ ಕೋಲು ಅಡ್ಡ ಹಿಡಿದಳು. "ಕಾಲಿಗೆ ಬಿದ್ರೆ ನನಗೇನು ಬಂತು? ಒಂದು ಗಡ್ಡೆ ಕೊಟ್ಟು ಹೋಗು, ಸಾರಿಗೆ."

ಗುಡ್ಡೆ ಹಾಕಿದ ಅಡಿಕೆಗೆ ಬೂಷ್ಟು ಹಿಡಿದೇ ಹಿಡಿಯಿತು. ದ್ಯಾಮಮ್ಮ ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದು ಸುನೀತಾ, ಅದೂ ತಿಂಗಳುಗಟ್ಟಲೆ ಆದ ಮೇಲೆ, ಕಾಟಮ್ಮ ಹೊಸ ಫಸಲಿನ ಮೊದಲ ಗೊಂಚಲು ಕಳಿಸಿ ಫೋನು ಮಾಡಿದಾಗ. ಕಾಟಮ್ಮ ಆವತ್ತು ಉಣ್ಣಲಿಲ್ಲ ಅಂತ ಭೀಮೇಶ್ ನನಗೆ ಹೇಳಿದ.

ಈ ವರ್ಷ ಮಾಲು ಕಳಿಸುವ ಕಾಲ ಬಂದಾಗ ಕಾಟಮ್ಮ ಚೀಲಗಳ ಜೊತೆಗೆ ತನ್ನ ಓಣಿಯ ಹೆಂಗಸರನ್ನೂ ಕರೆದುಕೊಂಡು ಅದೇ ಬಸ್ಸು ಹತ್ತಿದಳು. ಕೊಟ್ರೇಶ್ ಈಗ ಯಾರು ಏನೇ ಏರಿಸಲಿ, "ಇದು ನೀರು ಕುಡಿಯೋ ಮಾಲೋ, ಗಾಳಿ ಕುಡಿಯೋ ಮಾಲೋ?" ಅಂತ ಕೇಳದೆ ಏಣಿ ಹತ್ತುವುದಿಲ್ಲ. ಬಸವಾಪಟ್ಟಣದಲ್ಲಿ ಇಳಿದರೆ, ದ್ಯಾಮಮ್ಮನ ಕಣದಲ್ಲಿ ಎಲ್ಲ ಚಪ್ಪರದ ಮೇಲೂ ಅಡಿಕೆ ಹರವಿತ್ತು, ಒಂದನ್ನು ಬಿಟ್ಟು.

"ಯಾಕವ್ವಾ ಇದು ಖಾಲಿ?"

"ನೀನು ಬರ್ತೀಯ ಅಂತ ಗೊತ್ತಿತ್ತು. ಹೊನ್ನಾಳಿಯೋರು ಇಲ್ಲಿಗೇ ಬಂದು ಒಯ್ಯಲಿ. ಈ ದಂಡು ಯಾಕೆ ಕಟ್ಕೊಂಡು ಬಂದೀಯ?"

"ನಿಮ್ ಅಡಿಕೆ ಸುಲಿಯಾಕೆ."

"ಸುಲಿಯಾಕೆ ಬರ್ತೈತೇನು?"

"ಇಲ್ಲ."

"ಹಂಗಾರೆ ಕೂತ್ಕೋ," ಎಂದು ದ್ಯಾಮಮ್ಮ ಮೆಟ್ಟುಗತ್ತಿಯನ್ನು ಅವಳ ಕಡೆ ಸರಿಸಿದಳು. "ಬೆರಳು ಜ್ವಾಪಾನ. ಜೀವ ಐತೆ ಅದ್ರಾಗೆ."

ಇಷ್ಟೇ. ಅಡಿಕೆ ಕಣ ಇರುವ ನಿಮ್ಮ ಬೀಗರಿಗೆ, ಜಗಳೂರು ಕಡೆಯ ನೆಂಟರಿಗೆ ಇದನ್ನು ಕಳಿಸಿ. ಬಸ್ಸಿನವರಿಗಂತೂ ತಪ್ಪದೆ ಕಳಿಸಿ. ನನ್ನ ಹೆಸರು ಬಿಟ್ಟರೂ ಅಡ್ಡಿಯಿಲ್ಲ, ದ್ಯಾಮಮ್ಮನ ಹೆಸರು ಮಾತ್ರ ಬಿಡಬೇಡಿ.