ತೇರ್ಸಿನ ಕೊನೆಯ ಹನ್ನೆರಡು ಪದಗಳು

ನಾಲ್ಕನೆಯ ಆವೃತ್ತಿಯಲ್ಲಿ ಏನಿರಬೇಕು ಎನ್ನುವುದಕ್ಕಿಂತ ಏನಿರಬಾರದು ಎಂಬುದೇ ನಮಗೆ ತಲೆನೋವಾಗಿತ್ತು. ನಾಯ್ಮಾರ್ಮೂಲೆಯ ಟೈಲ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನೂ ಐವನೂ ಕೂತು ಮಾಡುವ ಆ್ಯಪ್‌ಗೆ ‘ಸಂಚಿ’ ಎಂದು ಹೆಸರು. ಕ್ರಿಪ್ಟೊ ದುಡ್ಡನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವ ಆ್ಯಪ್ ಅದು. ಯಾರು ಬೇಕಾದರೂ ಅದರ ಕೋಡ್ ನೋಡಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ಪುಕ್ಕಟೆಯಾದ ಕಾರಣ ಬೈಯುವ ಹಕ್ಕೂ ಎಲ್ಲರಿಗಿದೆ. ಕೋಡ್ ಬರೆಯುವವನು ಐವನ್. ಅದರ ಕನ್ನಡ ನೋಡಿಕೊಳ್ಳುವುದು, ಮುಂದಿನ ಆವೃತ್ತಿಗೆ ಯೋಜನೆ ಹಾಕುವುದು, ಬೈಗುಳಕ್ಕೆ ಉತ್ತರ ಕೊಡುವುದು ನಾನು, ಮೋಕ್ಷಿತಾ. ಇವುಗಳಲ್ಲಿ ಕೊನೆಯದು ಮಾತ್ರ ನನಗೆ ಚೆನ್ನಾಗಿ ಬರುತ್ತದೆ.

ಈ ಸಲದ ಗೊಂದಲ ಹಳೆಯ ಪದಗಳದ್ದು. ಸಂಚಿಯನ್ನು ಮೊದಲು ತೆರೆಯುವಾಗ ಅದು ಹನ್ನೆರಡು ಪದಗಳನ್ನು ಕೊಡುತ್ತದೆ. ಫೋನ್ ಕಳೆದರೆ, ಕೆಟ್ಟರೆ, ಆ ಪದಗಳನ್ನು ಅದೇ ಕ್ರಮದಲ್ಲಿ ಹಾಕಿದರಷ್ಟೇ ದುಡ್ಡು ಮರಳಿ ಸಿಗುವುದು. ಬೇರೆ ಆ್ಯಪ್‌ಗಳು ಇಂಗ್ಲಿಷ್ ಪದ ಕೊಡುವಾಗ ನಾವು ಮೊದಲ ಆವೃತ್ತಿಯಲ್ಲಿ ಜಂಭದಿಂದ ಕನ್ನಡದ್ದೇ ಕೊಟ್ಟಿದ್ದೆವು. ಆರಿಸಿದ್ದು ನಾನು: ಅಡುಗೆಮನೆಯಲ್ಲಿ ಕಂಡದ್ದು, ಹಿತ್ತಿಲಲ್ಲಿ ಬೆಳೆದದ್ದು, ಬಾಯಿಗೆ ಬಂದದ್ದು. ಐವನ್ ಅವನ್ನು ಓದಿಯೂ ನೋಡಲಿಲ್ಲ. ಎರಡನೆಯ ಆವೃತ್ತಿಯಿಂದ ನಾವೂ ಇಂಗ್ಲಿಷಿಗೆ ಹೋದೆವು. ಈಗ ಹಳೆಯ ಪದಗಳನ್ನು ಗುರುತಿಸುವ ಭಾಗವನ್ನೇ ತೆಗೆಯಬೇಕೆಂದು ಐವನ್ ಹಠ ಹಿಡಿದಿದ್ದ. ಅದು ಹೋದರೆ ಅರ್ಧ ತಲೆಬಿಸಿ ಹೋಗುತ್ತದಂತೆ. ಹಳೆಯ ಆವೃತ್ತಿ ಹೊಸ ಫೋನುಗಳಲ್ಲಿ ನಡೆಯುವುದಿಲ್ಲ. ಹಾಗಾಗಿ ಯಾರ ತಲೆಯಲ್ಲಾದರೂ ಆ ಕನ್ನಡ ಪದಗಳು ಮಾತ್ರ ಉಳಿದಿದ್ದರೆ ಅವರ ದುಡ್ಡು ಇನ್ನು ಕೈಗೆ ಸಿಗುವುದಿಲ್ಲ.

ಅಂಥವರು ಇದ್ದಾರೆಯೇ? ಗೊತ್ತಿಲ್ಲ. ಯಾರು ಬಳಸುತ್ತಾರೆಂದು ಸಂಚಿ ಎಲ್ಲಿಯೂ ದಾಖಲಿಸುವುದಿಲ್ಲ. ಅದನ್ನೇ ನಾವು ಹೆಮ್ಮೆಯಿಂದ ಹೇಳಿಕೊಂಡು ತಿರುಗುವುದು. ಹಳೆಯ ಪದ ಇರುವವರು ತಿಳಿಸಿ ಎಂದು ಪ್ರಕಟಣೆ ಹಾಕಿದೆ. ಉತ್ತರ ಕೊಟ್ಟವರಲ್ಲಿ ಒಬ್ಬನಿಗೆ ಕಪ್ಪು ಹಿನ್ನೆಲೆ ಬೇಕಿತ್ತು, ಇನ್ನೊಬ್ಬ ನಮ್ಮನ್ನು ಕಳ್ಳರೆಂದ. ‘ಹಳೆಯ ಪದ ತೆಗೆಯುವುದು’ ಎಂಬ ಸಾಲನ್ನು ನಾನು ಯೋಜನೆಯಲ್ಲಿ ಬೆಳಿಗ್ಗೆ ಸೇರಿಸಿ, ಮಧ್ಯಾಹ್ನ ಅಳಿಸಿ, ಸಂಜೆ ಮತ್ತೆ ಸೇರಿಸಿದೆ.

“ಯಾರೂ ಇಲ್ಲ ಮಾರಾಯ್ತಿ,” ಅಂದ ಐವನ್. “ಇದ್ದಿದ್ರೆ ಹೇಳ್ತಿರ್ಲಿಲ್ವಾ? ತೆಗ್ದು ಬಿಸಾಡುವ.”

ಇದ್ದವರು ನಮ್ಮ ಪ್ರಕಟಣೆ ಓದುತ್ತಾರೆಂದು ಯಾರು ಹೇಳಿದರು ಎಂದು ಕೇಳಿದೆ. ಓದದವರಿಗೆ ನಾವು ಏನು ಮಾಡಲಿಕ್ಕಾಗುತ್ತದೆ ಎಂದ. ಅವನು ಹೇಳುವಾಗ ಸರಿ ಅನ್ನಿಸುತ್ತದೆ, ಅವನು ಆಚೆ ಹೋದ ಕೂಡಲೇ ತಪ್ಪು ಅನ್ನಿಸುತ್ತದೆ. ನನ್ನ ಮೇಲೇ ನನಗೆ ಸಿಟ್ಟು ಬರುತ್ತಿತ್ತು.

ಕೊನೆಗೆ ಅವನು ಆ ಭಾಗವನ್ನು ತೆಗೆದೇಬಿಟ್ಟ, ಭಾನುವಾರ ಕೊನೆಯ ಪರೀಕ್ಷೆ ಮಾಡಿ ಬಿಡುಗಡೆ ಎಂದಾಯಿತು. ಅಂಗಡಿಗೆ ರಜೆ, ನಮ್ಮ ಕೋಣೆಗೂ ಬೀಗ. ಹಾಗಾಗಿ ನಾನು ಬಸ್ಸು ಹತ್ತಿ ಶಿರಿಯಕ್ಕೆ, ಐವನ್ ಮನೆಗೇ ಹೋದೆ. ಮನೆಯಲ್ಲಿ ಅವನ ಅಮ್ಮ ಜೆರ್ಟ್ರೂಡ್ ಆಂಟಿ ಮತ್ತು ತಂಗಿ ಸ್ಯಾಂಡ್ರಾ ಇದ್ದರು. ಅಪ್ಪ ಆಂಬ್ರೋಸ್ ಹಡಗಿನಲ್ಲಿ ಅಡುಗೆಯವರಾಗಿದ್ದರು, ಹೋದ ವರ್ಷ ತೀರಿಕೊಂಡರು. ಇನ್ನೇನು ಬಿಡುಗಡೆ ಮಾಡಬೇಕು ಅನ್ನುವಷ್ಟರಲ್ಲಿ ಆಂಟಿ ಮೇಣದಬತ್ತಿ ಹಚ್ಚಿ ಎಲ್ಲರನ್ನೂ ಕರೆದರು. ತೇರ್ಸಿನ ಹೊತ್ತು. ದಿನವೂ ಸಂಜೆ ಮನೆಮಂದಿ ಜಪಮಣಿ ಹಿಡಿದು ಮಾಡುವ ಆ ಪ್ರಾರ್ಥನೆಯ ಮುಂದೆ ನಮ್ಮ ಆವೃತ್ತಿ ಯಾವ ಲೆಕ್ಕ? ನಾನು ಬಾಗಿಲ ಹತ್ತಿರ ಸ್ಟೂಲಿನಲ್ಲಿ ಕೂತೆ.

ಕೊಂಕಣಿ ನನಗೆ ಅಷ್ಟಕ್ಕಷ್ಟೆ. ‘ನಮಾನ್ ಮರಿಯೆ’ ಮಾತ್ರ ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ಐವನ್ ಬಾಯಿ ಪ್ರಾರ್ಥನೆಯಲ್ಲಿ, ಕಣ್ಣು ಲ್ಯಾಪ್‌ಟಾಪಿನಲ್ಲಿ. ಕೊನೆಗೆ ಆಂಟಿ ಗಂಡನ ಹೆಸರು ಹೇಳಿದರು. ಆಮೇಲೆ ಮೂವರೂ ಒಂದೇ ಉಸಿರಿನಲ್ಲಿ ಹೇಳಿದರು:

“ಕಡೆಗೋಲು ಗೆಣಸು ತೊಟ್ಟಿಲು ಹಪ್ಪಳ ಬಸಳೆ ಒನಕೆ ನೊರೆ ಕುಂಬಳ ಮಜ್ಜಿಗೆ ಸೂಜಿ ಒಗ್ಗರಣೆ ಹೊಸ್ತಿಲು. ಆಮೆನ್.”

ಒಂದೊಂದೂ ನಾನು ಆರಿಸಿದ ಪದ. ದೇವರ ಹತ್ತಿರ ಒಗ್ಗರಣೆ ಕೇಳುವ ಪ್ರಾರ್ಥನೆ ಯಾವ ಧರ್ಮದಲ್ಲೂ ಇರಲಿಕ್ಕಿಲ್ಲ.

ಇದೆಂತದು ಎಂದು ಆಂಟಿಯನ್ನು ಕೇಳಿದೆ. ಅವರು ಸಹಜವಾಗಿಯೇ ಹೇಳಿದರು. ಆಂಬ್ರೋಸ್ ಅಂಕಲ್ ಮಗನ ಮೊದಲ ಆವೃತ್ತಿಯನ್ನು ತಮ್ಮ ಫೋನಿಗೆ ಹಾಕಿ, ಹಡಗಿನ ಸಂಬಳದಲ್ಲಿ ಉಳಿದದ್ದನ್ನು ಸ್ಯಾಂಡ್ರಾಳ ಓದಿಗೆಂದು ಅದರಲ್ಲಿ ಇಟ್ಟಿದ್ದರು. ಪದಗಳನ್ನು ಎಲ್ಲಿಯೂ ಬರೆದಿಡಬೇಡಿ, ಬಾಯಿಪಾಠ ಮಾಡಿ ಎಂದು ಸಂಚಿಯೇ ಹೇಳಿತ್ತು. ಆ ಎಚ್ಚರಿಕೆಯೂ ನಾನೇ ಬರೆದದ್ದು. ಆ ಮನೆಯಲ್ಲಿ ಬಾಯಿಪಾಠವಾಗಬೇಕಾದದ್ದು ತೇರ್ಸಿಗೆ ಸೇರುತ್ತದೆ, ಮರೆಯುವ ಪ್ರಶ್ನೆಯೇ ಇಲ್ಲ. ಅಂಕಲ್ಲರ ಫೋನ್ ಕೆಟ್ಟು ತಿಂಗಳುಗಳಾದರೂ ಆಂಟಿಗೆ ಚಿಂತೆ ಇರಲಿಲ್ಲ. ಐವನಿಗೆ ಮಾತ್ರ ಹೇಳಬೇಡ, ಪರೀಕ್ಷೆ ಮಾಡುತ್ತೇನೆಂದು ಹಾಳು ಮಾಡುತ್ತಾನೆ ಎಂದು ಅಂಕಲ್ ಕಟ್ಟಪ್ಪಣೆ ಮಾಡಿದ್ದರಂತೆ.

ನೆರೆಯವರು ತೇರ್ಸಿಗೆ ಬಂದ ದಿನ ಎಂತ ಮಾಡುತ್ತೀರಿ ಎಂದು ಹೆದರುತ್ತಲೇ ಕೇಳಿದೆ. ಅವರೂ ಹೇಳುತ್ತಾರಂತೆ. ಯಾರಿಗೂ ತಿಳಿಯಬಾರದ ಪದಗಳು ಸುತ್ತಲಿನ ಮನೆಗಳ ಅಷ್ಟೂ ಜನರ ಬಾಯಲ್ಲಿ! ಪದಗಳು ಉಳಿದವೆಂದು ನಗಬೇಕೋ, ಗುಟ್ಟು ಹೋಯಿತೆಂದು ಅಳಬೇಕೋ ನನಗೆ ತಿಳಿಯಲಿಲ್ಲ.

ಐವನ್ ಮುಖ ಬಿಳುಚಿಕೊಂಡಿತ್ತು. “ಪಪ್ಪ ಅಡಿಗೆಯವರಲ್ವಾ,” ಅಂದ. “ಹಡಗಿನ ಅಡಿಗೆಯವರ ಪ್ರಾರ್ಥನೆ ಅಂತ ಗ್ರಹಿಸಿದ್ದೆ.”

ಹಳೆಯ ಭಾಗ ತೆಗೆದದ್ದನ್ನು ಗಾಬರಿಯಲ್ಲಿ ಮರೆತು ಅವನು ಹೊಸ ಆವೃತ್ತಿಯಲ್ಲಿ ಪದಗಳನ್ನು ಹಾಕಲು ಕೂತ. ಬಸಳೆಯವರೆಗೆ ಬಂದು ನಿಂತ. ಮುಂದಿನದು ನೆನಪಾಗಲೇ ಇಲ್ಲ. ಕಣ್ಣು ಮುಚ್ಚಿ, ‘ನಮಾನ್ ಮರಿಯೆ’ಯಿಂದ ಮತ್ತೆ ಶುರುಮಾಡಿ, ಆ ಓಟದಲ್ಲಿ ಹೊಸ್ತಿಲಿನ ತನಕ ಮುಟ್ಟಿದ. ಪರದೆಯಲ್ಲಿ ಕೆಂಪಕ್ಷರ ಬಂತು: ‘ಈ ಪದಗಳು ಗೊತ್ತಿಲ್ಲ.’ ಅದೂ ನನ್ನದೇ ಕನ್ನಡ.

ಆಂಟಿ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. “ಗೊತ್ತಿಲ್ವಾ? ನೀನೇ ಅಲ್ವಾ ಐವನ್ ದಿನಾ ಹೇಳುದು?”

ಐವನ್ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡ. ತೆಗೆದುಹಾಕಿದ್ದ ಭಾಗವನ್ನು ಮತ್ತೆ ಸೇರಿಸಿ ಪದಗಳನ್ನು ಪುನಃ ಹಾಕಿದ. ಸಂಚಿ ತೆರೆಯಿತು. ಸ್ಯಾಂಡ್ರಾ ಒಳಗಿದ್ದ ಮೊತ್ತ ನೋಡಲಿಲ್ಲ. ಖಾತೆಗೆ ಅಪ್ಪ ಇಟ್ಟಿದ್ದ ‘ಸ್ಯಾಂಡ್ರಾ’ ಎಂಬ ಹೆಸರನ್ನೇ ನೋಡುತ್ತಾ ಅತ್ತಳು.

ಅಪ್ಪನ ದುಡ್ಡನ್ನು ಆಗಲೇ ಹೊಸ ಖಾತೆಗೆ ಸಾಗಿಸಿದ ಮೇಲೆ ಹಳೆಯ ಭಾಗ ತೆಗೆಯಲು ಅಡ್ಡಿಯೇನೂ ಇರಲಿಲ್ಲ. ನಾನು ಅವನ ಮುಖ ನೋಡಿದೆ. ಅವನು ಯೋಜನೆಯನ್ನು ತೆರೆದು ನನ್ನ ಆ ಸಾಲನ್ನು ಅಳಿಸಿದ. “ಇನ್ನು ಯಾರ ಮನೇಲಿ ಹೇಗೆ ಉಂಟೋ,” ಅಂದ. ಹಾಗಾದರೆ ನಾಲ್ಕನೆಯ ಆವೃತ್ತಿ ಯಾವಾಗ ಎಂದು ಕೇಳಿದೆ. ಎಲ್ಲ ಪರೀಕ್ಷೆಯನ್ನೂ ಮೊದಲಿನಿಂದ ಮಾಡಬೇಕು ಎಂದ.

ಹೊಸ ಖಾತೆಗೆ ಬಂದ ಪದಗಳನ್ನು ಯಾರಿಗೂ ಕೇಳಿಸದ ಹಾಗೆ ಕಲಿಯಬೇಕೆಂದು ಅವನು ಅಮ್ಮನಿಗೆ ತಿಳಿಸಿ ಹೇಳಿದ. ಆಂಟಿ ತಲೆಯಾಡಿಸಿ ಜಪಮಣಿಯನ್ನು ಮಡಚಿ ಡಬ್ಬಿಗೆ ಹಾಕಿದರು.

“ಅದನ್ನು ಸ್ಯಾಂಡ್ರಾ ಕಲೀಲಿ,” ಅಂದರು. “ತೇರ್ಸಿನಲ್ಲಿ ನಿಮ್ಮ ಪಪ್ಪನ ಪದಗಳೇ ಇರ್ಲಿ.”